ಎಲ್ಲರೂ ತಾವೇ ಮಾಡಿಕೊಳ್ಳುವ ಕಾಲದಲ್ಲಿ ಹೊಸ ಹುಡುಗನಿಗೆ ಏನು ಕಲಿಸಲಿ?

ಗೋಣಿಕೊಪ್ಪ_ಸರ್ವಿಸ್
ಗೋಣಿಕೊಪ್ಪದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದೇ ಕೆಲಸ. ಆಗ ಬಾಡಿಗೆ, ಕರೆಂಟ್ ಬಿಲ್ ಎಲ್ಲ ಫಾರ್ಮ್ಯಾಟ್ ದುಡ್ಡಿನಲ್ಲೇ ಕಳೆಯುತ್ತಿತ್ತು. ಸಿಸ್ಟಮ್ ನಿಧಾನವಾದರೆ ಫಾರ್ಮ್ಯಾಟ್, ವೈರಸ್ ಬಂದರೆ ಫಾರ್ಮ್ಯಾಟ್. ಪ್ರಿಂಟರಿನ ಡ್ರೈವರ್ ಸಿಡಿ ಕಳೆದಿದ್ದರೆ ಮೈಸೂರಿನವರೆಗೂ ಹುಡುಕಾಟ. ಈಗ ವಿಂಡೋಸ್ ತಾನೇ ಡ್ರೈವರ್ ಇಳಿಸಿಕೊಳ್ಳುತ್ತದೆ. ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಬಂದ ಮೇಲೆ ನಿಧಾನ ಅನ್ನುವ ದೂರು ಕಡಿಮೆ. ಉಳಿದದ್ದನ್ನು ಮನೆಯ ಮಕ್ಕಳೇ ಯೂಟ್ಯೂಬ್ ನೋಡಿ ಸರಿ ಮಾಡುತ್ತಾರೆ.

ಜನ ಕಲಿತಿದ್ದು ಒಳ್ಳೆಯದೇ, ನನ್ನ ತಕರಾರು ಅದಲ್ಲ. ಈಗ ಅಂಗಡಿಗೆ ಬರುವುದು ಅವರು ಪ್ರಯತ್ನಪಟ್ಟು ಕೈಬಿಟ್ಟ ಕೆಲಸ ಮಾತ್ರ. ಅರ್ಧ ಬಿಚ್ಚಿದ ಲ್ಯಾಪ್‌ಟಾಪ್. ವಿಂಡೋಸಿನ ಡಿಸ್ಕ್ ಬೀಗ ಬಿಟ್‌ಲಾಕರ್ ಲಾಕ್ ಆಗಿ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ಗೊತ್ತಿಲ್ಲದ ಡಿಸ್ಕ್. ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಬಂದ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್ ಒತ್ತಿ, ಖಾತೆ ಖಾಲಿಯಾದ ಮೇಲೆ ತಂದ ಫೋನ್. ಒಂದೊಂದಕ್ಕೂ ಅರ್ಧ ದಿನ ಹೋಗುತ್ತದೆ. ಹಣ ಕೇಳಿದರೆ "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟಾ?" ಅನ್ನುತ್ತಾರೆ.

ಅಕ್ಕನ ಮಗ ಡಿಪ್ಲೊಮಾ ಮುಗಿಸಿದ್ದಾನೆ. ನಿಮ್ಮ ಅಂಗಡಿಗೇ ಬರುತ್ತೇನೆ ಮಾವ ಅನ್ನುತ್ತಾನೆ. ಅವನಿಗೆ ಏನು ಕಲಿಸಲಿ? ಕಲಿಸಲಾ, ಇಲ್ಲ ಬೆಂಗಳೂರಿಗೆ ಹೋಗು ಅನ್ನಲಾ?

ಮಡಿಕೇರಿ_ಮಳೆ
ಬೆಂಗಳೂರಿಗೆ ಕಳಿಸಿ ಅಣ್ಣ. ಯೋಚನೆ ಮಾಡಬೇಡಿ.

ಕುಶಾಲನಗರ_ಡಿಟಿಪಿ
ನಿಮ್ಮ ಕಥೆಯೇ ನನ್ನ ಕಥೆ. ಮೊದಲು ಮದುವೆ ಕಾರ್ಡು ಅಂದರೆ ಜನ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಹೇಳಿ ಬರೆಸುತ್ತಿದ್ದರು. ನಾನು ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತಿದ್ದೆ. ಈಗ ಕ್ಯಾನ್ವಾದಲ್ಲಿ ಅವರೇ ಡಿಸೈನ್ ಮಾಡಿ ತರುತ್ತಾರೆ. ಚೆನ್ನಾಗಿಯೂ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಅದನ್ನು ವಾಟ್ಸಾಪಿನಲ್ಲಿ ಫೋಟೋ ಮಾಡಿ ಕಳಿಸುತ್ತಾರೆ. ಅದು ಕುಗ್ಗಿರುತ್ತದೆ. ಫ್ಲೆಕ್ಸಿಗೆ ಹಿಗ್ಗಿಸಿದರೆ ಅಕ್ಷರದ ಅಂಚೆಲ್ಲ ಮಸುಕು. ಪರದೆಯ ಮೇಲೆ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗಿ ಬರುತ್ತದೆ. ಪರದೆಯಲ್ಲಿ ಬಣ್ಣ ಬೆಳಕಿನಿಂದ ಆಗುತ್ತದೆ, ಪ್ರಿಂಟಿನಲ್ಲಿ ಶಾಯಿಯಿಂದ. ಎರಡೂ ಒಂದೇ ಥರ ಕಾಣುವುದಿಲ್ಲ.

ಹಳೆ ನುಡಿ ಫೈಲುಗಳು ಬೇರೆ ಇವೆ. ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಸಂಘದ ಸದಸ್ಯರ ಪಟ್ಟಿಯನ್ನು ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಿಚಡಿ. ಕನ್ವರ್ಟ್ ಮಾಡಿದರೆ ಅಲ್ಲಲ್ಲಿ ಒತ್ತಕ್ಷರ ತಪ್ಪುತ್ತದೆ. ಕೂತು ಓದಿ ತಿದ್ದಬೇಕು. ಈಗ ನನ್ನ ದಿನ ಹೋಗುವುದು ಇದರಲ್ಲೇ. ಟೈಪಿಂಗ್ ವೇಗ ಯಾರಿಗೂ ಬೇಡ.

ವಿರಾಜಪೇಟೆ_ನೇರಮಾತು
ಕೋಪ ಮಾಡಿಕೊಳ್ಳಬೇಡಿ, ಗಿರಾಕಿಯ ಕಡೆಯ ಮಾತನ್ನೂ ಕೇಳಿ. ಆ ಕಾಲದಲ್ಲಿ ಒಂದು ಅಂಗಡಿಯಲ್ಲಿ ನನ್ನ ಸಿಸ್ಟಮ್ ಕೊಟ್ಟರೆ ಫೋಟೋ ಎಲ್ಲ ಅಳಿಸಿ ಕೈಗೆ ಕೊಟ್ಟರು. "ಫಾರ್ಮ್ಯಾಟ್ ಅಂದರೆ ಎಲ್ಲ ಹೋಗುತ್ತದೆ, ಗೊತ್ತಿಲ್ಲವಾ?" ಅಂತ ನನಗೇ ಬೈದರು. ಸಮಸ್ಯೆ ಏನಿತ್ತು ಅಂತ ಕೊನೆಗೂ ಹೇಳಲಿಲ್ಲ. ಜನ ತಾವೇ ಕಲಿತದ್ದು ಹವ್ಯಾಸಕ್ಕಲ್ಲ. ನಿಮ್ಮಂಥವರ ಮುಂದೆ ಕೈಕಟ್ಟಿ ನಿಂತು ಸಾಕಾಗಿ ಕಲಿತರು.

ಗೋಣಿಕೊಪ್ಪ_ಸರ್ವಿಸ್
@ವಿರಾಜಪೇಟೆ_ನೇರಮಾತು ಅಂಥ ಅಂಗಡಿಗಳಿದ್ದವು, ಇಲ್ಲ ಅನ್ನುವುದಿಲ್ಲ. ಎಲ್ಲರನ್ನೂ ಅದೇ ಸಾಲಿಗೆ ಸೇರಿಸಬೇಡಿ. ಬ್ಯಾಕಪ್ ತೆಗೆಯದೆ ನಾನು ಯಾರ ಡಿಸ್ಕಿಗೂ ಕೈ ಹಾಕಿಲ್ಲ.

ವಿರಾಜಪೇಟೆ_ನೇರಮಾತು
ಸರಿ, ನಿಮಗೆ ಹೇಳಿದ್ದಲ್ಲ. ಆದರೆ ಕಾರಣ ಅದೇ.

ಹಳೇ_ಟ್ರಂಕ್‌ಕಾಲ್
ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ರಿಟೈರ್ ಆದವಳು. ಇವತ್ತಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಬೇರೆ ಊರಿಗೆ ಮಾತಾಡಬೇಕಾದರೆ ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ. ಆಪರೇಟರ್ ಇಲ್ಲದೆ ನೇರ ಡಯಲ್ ಮಾಡುವ ದೇಶದ ಮೊದಲ ಎಸ್‌ಟಿಡಿ ಲೈನ್ 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಬಂತು. ನಮ್ಮ ಬೆಟ್ಟಕ್ಕೆ ಅದು ತಲುಪುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿತ್ತು.

ಆಗಲೂ ಎಲ್ಲರೂ ಮಿಷನ್ ನಮ್ಮ ಕೆಲಸ ತಿಂದಿತು ಅಂದರು. ನಾನು ಒಪ್ಪುವುದಿಲ್ಲ. ನಾವು ಮಾಡುತ್ತಿದ್ದ ಕೆಲಸವನ್ನು ಗಿರಾಕಿಯೇ ಮಾಡತೊಡಗಿದ. ಊರಿನ ಕೋಡ್ ನೆನಪಿಡುವುದು, ಲೈನ್ ಸಿಗದಿದ್ದರೆ ಮತ್ತೆ ಮತ್ತೆ ಡಯಲ್ ಮಾಡುವುದು, ಎಲ್ಲ ಅವನ ತಲೆಗೆ ಬಂತು. ನಮ್ಮವರು ಕೆಲವರು 197ಕ್ಕೆ ಹೋಗಿ ನಂಬರ್ ಹುಡುಕಿ ಕೊಟ್ಟರು. ಕೆಲವರು 198ರಲ್ಲಿ ದೂರು ಬರೆದುಕೊಂಡರು. ಅಲ್ಲಿ ಕೈಚಳಕ ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ಮಳೆಗಾಲದಲ್ಲಿ ಮರ ಬಿದ್ದು ಊರೆಲ್ಲ ಲೈನ್ ಹೋದಾಗ 198ರಲ್ಲಿ ಕೂತವರ ಕಷ್ಟ ನಮಗೇ ಗೊತ್ತು. ಬೈಸಿಕೊಳ್ಳುತ್ತಲೇ ಯಾವ ಕಂಬದ ಹತ್ತಿರ ತಂತಿ ಹೋಗಿದೆ ಅಂತ ಕೇಳಿ ತಿಳಿಯಬೇಕಿತ್ತು.

ಮಡಿಕೇರಿ_ಮಳೆ
ಮರ ಬಿದ್ದ ಮಾತು ಬಂತಲ್ಲ, ಸಿದ್ದಾಪುರದ ಕಡೆ ಯಾವ ಫೈಬರ್ ಪರವಾಗಿಲ್ಲ? ನಮ್ಮದು ಮೂರು ದಿನದಿಂದ ಸತ್ತಿದೆ.

ಎಸ್ಟೇಟ್_ರೈಟರ್
ಎಲ್ಲವೂ ಮರದಿಂದ ಮರಕ್ಕೆ ಕಟ್ಟಿದ ಕೇಬಲ್ಲೇ. ಯಾವುದು ಹಾಕಿಸಿದರೂ ಜುಲೈನಲ್ಲಿ ಒಂದೇ. ಸಿಮ್ ಹಾಕುವ ರೂಟರ್ ಒಂದು ಜೊತೆಗಿಟ್ಟುಕೊಳ್ಳಿ.

ವಿಷಯಕ್ಕೆ ಬರುತ್ತೇನೆ. ನಾನು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಕೆಲಸದವರ ಹಾಜರಿ ಪುಸ್ತಕ) ಬರೆಯುವುದು, ಕುಯ್ಲಿನ ತೂಕ, ಗೊಬ್ಬರದ ಸ್ಟಾಕ್, ಮಳೆ ಪುಸ್ತಕ, ಎಲ್ಲ ನನ್ನದಾಗಿತ್ತು. ಈಗ ಧಣಿಗಳ ಮಗ ಬೆಂಗಳೂರಿನಿಂದ ಬಂದು ಎಲ್ಲವನ್ನೂ ಫೋನಿನ ಶೀಟಿಗೆ ಹಾಕಿದ್ದಾನೆ. ಹಾಜರಿಯನ್ನು ಮೇಸ್ತ್ರಿಯೇ ಫೋನಿನಲ್ಲಿ ಒತ್ತುತ್ತಾನೆ. ವಾರದ ಬಟವಾಡೆ ಲೆಕ್ಕ ಕ್ಷಣದಲ್ಲಿ ಬರುತ್ತದೆ. ಮೊದಲು ನನಗೆ ಶುಕ್ರವಾರ ರಾತ್ರಿ ನಿದ್ದೆ ಇರಲಿಲ್ಲ. ಇದು ನಿಜವಾದ ಸುಖ.

ಹೋದ ಸಲ ಹೂಮಳೆ ಹೊತ್ತಿನಲ್ಲಿ ಒಂದು ಘಟನೆ ಆಯಿತು. ರೊಬಸ್ಟಾ ಕಾಫಿ ಸರಿಯಾಗಿ ಅರಳಲು ಒಂದು ಇಂಚಿನ ಆಸುಪಾಸು ಮಳೆ ಬೇಕು. ಕಡಿಮೆ ಬಿದ್ದರೆ ಮೊಗ್ಗು ಅರ್ಧಂಬರ್ಧ ಅರಳಿ ಕೆಡುತ್ತದೆ. ತಕ್ಷಣ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ಅವತ್ತು ಶೀಟಿನಲ್ಲಿ 25 ಅಂತ ಇತ್ತು. ಶೀಟು ಮಿಲಿಮೀಟರ್ ಲೆಕ್ಕದ್ದು. 25 ಮಿಲಿಮೀಟರ್ ಅಂದರೆ ಹತ್ತಿರ ಹತ್ತಿರ ಒಂದು ಇಂಚು. "ಮಳೆ ಸಾಕು, ಪಂಪ್ ಬೇಡ" ಅಂದ ಹುಡುಗ. ನನಗೆ ಅನುಮಾನ ಬಂತು. ಮರದ ಬುಡದ ಮಣ್ಣು ಕೆದಕಿದರೆ ಅಷ್ಟು ಮಳೆ ಬಿದ್ದ ಹಾಗೆ ಇರಲಿಲ್ಲ. ಮೇಸ್ತ್ರಿಯನ್ನು ಕೇಳಿದೆ. ಅವನು ನಮ್ಮ ಹಳೆ ರೂಢಿಯಂತೆ ಸೆಂಟ್ ಲೆಕ್ಕದಲ್ಲಿ ಒತ್ತಿದ್ದ. ಇಂಚಿಗೆ ನೂರು ಸೆಂಟ್. 25 ಸೆಂಟ್ ಅಂದರೆ ಆರು ಮಿಲಿಮೀಟರ್ ಚಿಲ್ಲರೆ ಅಷ್ಟೇ! ಅವತ್ತೇ ಸಂಜೆ ಪಂಪ್ ಶುರು ಮಾಡಿಸಿದೆವು.

ಆ ಹುಡುಗ ಬುದ್ಧಿವಂತ, ಶೀಟು ಚೆನ್ನಾಗಿದೆ. ಮೇಸ್ತ್ರಿಯೂ ಸರಿಯಾಗಿಯೇ ಅಳೆದಿದ್ದ. ಆದರೂ ಅಂಕಿ ಸುಳ್ಳಾಯಿತು. ಅದನ್ನು ಹಿಡಿಯಲು ತೋಟ ಗೊತ್ತಿರುವವನೊಬ್ಬ ಮಧ್ಯದಲ್ಲಿ ಇರಬೇಕು. ಈಗ ನನ್ನ ಕೆಲಸ ಬರೆಯುವುದಲ್ಲ, ಬರೆದದ್ದು ನಿಜವೇ ಅಂತ ನೋಡುವುದು.

ಪಾಲಿಬೆಟ್ಟ_ವರ್ಕ್‌ಫ್ರಂಹೋಮ್
@ಎಸ್ಟೇಟ್_ರೈಟರ್ ನಿಮ್ಮದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಪಾಸಿಟಿವ್ ಬಂದ ಸುಮಾರು 16 ಸಾವಿರ ಜನರ ವಿವರ ಲೆಕ್ಕದಿಂದ ಬಿಟ್ಟುಹೋಯಿತು. ಲ್ಯಾಬಿನಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬುತ್ತಿದ್ದರು. ಅದರಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಮಿಕ್ಕ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವುದು ತಡವಾಯಿತು.

ನಾನು ರಿಪೋರ್ಟ್ ತಯಾರಿಸುವ ಟೀಮಿನಲ್ಲಿ ಕೆಲಸಕ್ಕೆ ಸೇರಿದವನು. ಮ್ಯಾನೇಜರುಗಳು "ಈ ತಿಂಗಳ ಮಾರಾಟ ಕೊಡಿ" ಅಂದರೆ ನಾವು ಡೇಟಾಬೇಸಿಗೆ ಕ್ವೆರಿ ಬರೆದು ಅಂಕಿ ತೆಗೆದು ಕೊಡಬೇಕಿತ್ತು. ಈಗ ಅವರೇ ಡ್ಯಾಶ್‌ಬೋರ್ಡ್ ತೆರೆದು ನೋಡುತ್ತಾರೆ. ಟೀಮು ಮುಚ್ಚಲಿಲ್ಲ. ಮಾರಾಟ ಅಂದರೆ ಆರ್ಡರ್ ಬಂದದ್ದಾ, ಬಿಲ್ ಆದದ್ದಾ, ವಾಪಸ್ ಬಂದದ್ದನ್ನು ಕಳೆದದ್ದಾ? ಇದನ್ನು ಇಡೀ ಕಂಪನಿಗೆ ಒಂದೇ ಥರ ಮಾಡುವುದು ಈಗ ನಮ್ಮ ಕೆಲಸ. ಮೊದಲಿಗಿಂತ ಕಷ್ಟ, ಜಗಳವೂ ಜಾಸ್ತಿ.

ಇದು ಹೊಸತೇನಲ್ಲ. 1979ರಲ್ಲಿ ವಿಸಿಕ್ಯಾಲ್ಕ್ ಬಂದಾಗಲೇ ಶುರುವಾಯಿತು. ಅದು ಆಪಲ್ 2 ಕಂಪ್ಯೂಟರಿಗೆ ಬಂದ ಮೊದಲ ಸ್ಪ್ರೆಡ್‌ಶೀಟ್. ಅಲ್ಲಿವರೆಗೆ ಲೆಕ್ಕದವರು ಪ್ರೋಗ್ರಾಮರ್ ಮುಂದೆ ಸಾಲು ನಿಲ್ಲಬೇಕಿತ್ತು. ಆಮೇಲೆ ತಾವೇ ಮಾಡಿಕೊಂಡರು. ಪ್ರೋಗ್ರಾಮರುಗಳು ಕಡಿಮೆಯಾದರಾ? ಇನ್ನೂ ಜಾಸ್ತಿಯಾದರು.

ಪೊನ್ನಂಪೇಟೆ_ಇಂಜಿನಿಯರಿಂಗ್
ಪಾಲಿಬೆಟ್ಟ ಅಣ್ಣ, ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾನು ಕೊನೇ ವರ್ಷದಲ್ಲಿದ್ದೇನೆ. ನೀವೆಲ್ಲ ಹೇಳುತ್ತಿರುವುದು ಒಂದೇ: ಸುಲಭದ ಕೆಲಸ ಹೋಯಿತು, ಕಷ್ಟದ್ದು ಉಳಿಯಿತು, ಅದಕ್ಕೆ ನಮ್ಮ ಅನುಭವ ಬೇಕು. ಸರಿ. ಆದರೆ ಆ ಅನುಭವ ನಿಮಗೆ ಎಲ್ಲಿಂದ ಬಂತು?

ಗೋಣಿಕೊಪ್ಪ ಅಣ್ಣನಿಗೆ ಸಾಲು ಸಾಲು ಫಾರ್ಮ್ಯಾಟ್ ಮಾಡಿ ಬಂತು. ಡಿಟಿಪಿಯವರಿಗೆ ಸಾವಿರಾರು ಕಾರ್ಡ್ ಟೈಪ್ ಮಾಡಿ ಬಂತು. ರೈಟರ್ ಅಣ್ಣನಿಗೆ ವರ್ಷಗಟ್ಟಲೆ ಮಳೆ ಪುಸ್ತಕ ಕೈಯಲ್ಲಿ ಬರೆದು ಬಂತು. ಅದಕ್ಕೇ 25 ಅನ್ನುವ ಅಂಕಿ ಕಂಡ ಕೂಡಲೇ ಅನುಮಾನ ಬಂತು. ಈಗ ಆ ಸುಲಭದ ಕೆಲಸ ಗಿರಾಕಿಯೇ ಮಾಡುತ್ತಾನೆ, ಇಲ್ಲ ಚಾಟ್‌ಜಿಪಿಟಿ ಮಾಡುತ್ತದೆ. 2022ರ ನವೆಂಬರಿನಲ್ಲಿ ಅದು ಬಂದಾಗಿನಿಂದ ನಮ್ಮ ಸೀನಿಯರುಗಳಿಗೆ ಇಂಟರ್ವ್ಯೂನಲ್ಲಿ ಕೇಳುವುದೇ ಬೇರೆ. "ನೀನು ಕೋಡ್ ಬರೆಯುವುದು ಬೇಡ, ಇದರಲ್ಲಿ ತಪ್ಪೆಲ್ಲಿದೆ ಹೇಳು" ಅನ್ನುತ್ತಾರಂತೆ. ಬರೆದೇ ಅಭ್ಯಾಸವಿಲ್ಲದವರು ತಪ್ಪು ಹಿಡಿಯುವುದು ಹೇಗೆ?

ಅಕ್ಕನ ಮಗನಿಗೆ ಏನು ಕಲಿಸಲಿ ಅಂತ ಕೇಳಿದ್ದಾರೆ. ಅವರಿಗೆ ಸಿಕ್ಕಿದ ಶಾಲೆ ಆ ಹುಡುಗನಿಗೆ ಇಲ್ಲ. ಮೊದಲ ದಿನವೇ ಬಿಟ್‌ಲಾಕರ್ ಡಿಸ್ಕ್ ಕೈಗೆ ಬಂದರೆ ಅವನೇನು ಮಾಡಬೇಕು? ಬೆಂಗಳೂರಿಗೆ ಹೋದರೂ ಇದೇ ಕಷ್ಟ.

ಹಳೇ_ಟ್ರಂಕ್‌ಕಾಲ್
ಸರಿಯಾಗಿ ಹೇಳಿದೆ ಮಗಳೇ.

ವಿರಾಜಪೇಟೆ_ನೇರಮಾತು
ಹಾಗಂತ ಗಿರಾಕಿಗಳು ನಿಮ್ಮ ಪಾಠಕ್ಕೋಸ್ಕರ ಫಾರ್ಮ್ಯಾಟಿಗೆ ದುಡ್ಡು ಕೊಡುತ್ತಾ ಕೂರಬೇಕಾ?

ಪೊನ್ನಂಪೇಟೆ_ಇಂಜಿನಿಯರಿಂಗ್
ಕೂರಬೇಡಿ. ಗಿರಾಕಿಯ ದುಡ್ಡಿನಲ್ಲಿ ತಾನಾಗಿಯೇ ನಡೆಯುತ್ತಿದ್ದ ಪಾಠ ನಿಂತಿದೆ. ಈಗ ಕೆಲಸ ಗೊತ್ತಿರುವವರು ಕೂತು ಕಲಿಸಬೇಕು. ಅದನ್ನು ಯಾರು ಮಾಡುತ್ತಿದ್ದಾರೆ ಅಂತ ಕೇಳುತ್ತಿದ್ದೇನೆ.

ಸೋಮವಾರಪೇಟೆ_ಸರ್ವೇ
ನಾನು ಲೈಸೆನ್ಸ್ ಇರುವ ಸರ್ವೇಯರ್. ನಮ್ಮ ಕಡೆಯ ಕಥೆ ದಿಶಾಂಕ್ ಆ್ಯಪ್. ತೋಟದಲ್ಲಿ ನಿಂತು ಫೋನ್ ತೆರೆದರೆ ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಒಳ್ಳೆಯ ಆ್ಯಪ್. ಜಾಗ ಕೊಳ್ಳುವ ಮೊದಲು ಒಮ್ಮೆ ನೋಡಲು ಎಲ್ಲರಿಗೂ ಅನುಕೂಲ. ಆದರೆ ಅದರ ಗೆರೆಯನ್ನೇ ಬೇಲಿ ಅಂದುಕೊಂಡು ಜಗಳ ತೆಗೆದು ಬರುತ್ತಾರೆ. ಬಯಲಲ್ಲೇ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಸಿಲ್ವರ್ ಓಕ್ ಕೆಳಗೆ ಇನ್ನೂ ಜಾಸ್ತಿ. ಅಷ್ಟು ಜಾಗದಲ್ಲಿ ಎಷ್ಟು ಕಾಫಿ ಗಿಡ ಇರುತ್ತವೆ ಲೆಕ್ಕ ಹಾಕಿ.

ಇನ್ನು ಜಮ್ಮಾ ಬಾಣೆ (ಕೊಡಗಿನಲ್ಲಿ ಕುಟುಂಬದ ಹೆಸರಿನಲ್ಲಿ ಬಂದ ಹಳೆ ಹಿಡುವಳಿ) ಆದರೆ ಕೇಳುವುದೇ ಬೇಡ. ಪಹಣಿಯಲ್ಲಿ ಪಟ್ಟೇದಾರರ ಹೆಸರು, ಕುಟುಂಬದವರದ್ದು ಉದ್ದ ಪಟ್ಟಿ. ಯಾರು ಎಲ್ಲಿ ಅನುಭವದಲ್ಲಿದ್ದಾರೆ ಅಂತ ಯಾವ ಆ್ಯಪ್ಪಿಗೂ ಗೊತ್ತಿಲ್ಲ. ಭಾಗ ಮಾಡಿ ಮಾರಲು ಆ ಭಾಗದ ಅಳತೆ ತೋರಿಸುವ 11ಇ ನಕ್ಷೆ ಬೇಕು. ಅದಕ್ಕೆ ಸ್ಥಳಕ್ಕೆ ಹೋಗಿ ಅಳೆಯಲೇಬೇಕು. ಮೊದಲು ನಾನು ಹೋದರೆ ಸರಪಳಿ ಎಳೆದು ಅಳೆದು ಬರುವುದು. ಈಗ ಅಳತೆಗಿಂತ ಜಾಸ್ತಿ ಹೊತ್ತು ಸ್ಕ್ರೀನ್‌ಶಾಟ್ ಯಾಕೆ ದಾಖಲೆ ಅಲ್ಲ ಅಂತ ವಿವರಿಸಲು ಹೋಗುತ್ತದೆ. ಅದಕ್ಕೆ ಫೀಸ್ ಇಲ್ಲ.

ಕುಶಾಲನಗರ_ಡಿಟಿಪಿ
"ಅದಕ್ಕೆ ಫೀಸ್ ಇಲ್ಲ." ಇದು ನೂರಕ್ಕೆ ನೂರು ನಿಜ.

ಲ್ಯಾಬ್_ಅಕ್ಕ
ಮಡಿಕೇರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮಲ್ಲಿ ಇದು ಗ್ಲುಕೋಮೀಟರ್ ಬಂದಾಗಲೇ ಆಯಿತು. ಮನೆಯಲ್ಲೇ ಶುಗರ್ ನೋಡಿಕೊಂಡು "ನಿಮ್ಮ ಲ್ಯಾಬಿನದ್ದು ತಪ್ಪು" ಅಂತ ಜಗಳಕ್ಕೆ ಬರುತ್ತಾರೆ. ಮೀಟರಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ ಲ್ಯಾಬಿಗಿಂತ ಶೇಕಡಾ 15ರವರೆಗೆ ಆಚೀಚೆ ಇರಲು ಬಿಡುತ್ತದೆ. ಮೀಟರ್ 150 ತೋರಿಸಿ ಲ್ಯಾಬ್ 135 ಅಂದರೆ ಯಾರದ್ದೂ ತಪ್ಪಲ್ಲ. ಇನ್ನೊಂದು ವಿಷಯ, ದಯವಿಟ್ಟು ಎಲ್ಲರೂ ನೆನಪಿಡಿ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ. ಡಬ್ಬಿ ಮುಚ್ಚಳ ತೆಗೆದಿಡಬೇಡಿ.

ಹೆದರಿದ ಹಾಗೆ ನಮ್ಮ ಕೆಲಸ ಹೋಗಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರೇ ಎರಡು ಮೂರು ತಿಂಗಳ ಸರಾಸರಿ ತಿಳಿಯಲು ಎಚ್‌ಬಿಎ1ಸಿ ಮಾಡಿಸಲು ಬರುತ್ತಾರೆ. ಮೊದಲಿಗಿಂತ ಸರಿಯಾದ ಪ್ರಶ್ನೆ ಕೇಳುತ್ತಾರೆ.

ಪೊನ್ನಂಪೇಟೆ ತಂಗಿ ಕೇಳಿದ್ದಕ್ಕೆ ನಮ್ಮಲ್ಲಿ ಒಂದು ದಾರಿ ಇದೆ. ದಿನಾ ಬೆಳಿಗ್ಗೆ ರೋಗಿಗಳ ರಕ್ತಕ್ಕೆ ಮೊದಲು ಕಂಟ್ರೋಲ್ ಸ್ಯಾಂಪಲ್ ಓಡಿಸುತ್ತೇವೆ. ಅದರ ಉತ್ತರ ಎಷ್ಟಿರಬೇಕು ಅಂತ ಮೊದಲೇ ಗೊತ್ತು. ಮಿಷನ್ ಬೇರೆ ಹೇಳಿದರೆ ಯಾಕೆ ಅಂತ ಹುಡುಕಬೇಕು. ರಾಸಾಯನಿಕ ಹಳತಾ, ಪಿಪೆಟ್ ತಪ್ಪಾ, ಉಷ್ಣತೆಯಾ? ಹೊಸಬರನ್ನು ನಾವು ಬೆಳೆಸುವುದು ಅಲ್ಲೇ. ರೋಗಿಗೆ ತೊಂದರೆ ಇಲ್ಲ, ಹುಡುಗರಿಗೆ ತಪ್ಪು ಹಿಡಿಯುವ ಕಣ್ಣು ಬರುತ್ತದೆ.

ಗೋಣಿಕೊಪ್ಪ_ಸರ್ವಿಸ್
ಲ್ಯಾಬ್ ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ಹಳೆ ಮಷಿನ್‌ಗಳು ಗೋದಾಮಿನಲ್ಲಿ ಬಿದ್ದಿವೆ. ನಾನೇ ಬೇಕಂತ ಕೆಡಿಸಿ ಕೊಡಬಹುದು. ರ‍್ಯಾಮ್ ಒಂದು ಸಡಿಲ, ಡಿಸ್ಕಿನ ಬೂಟ್ ಭಾಗ ಅಳಿಸಿದ್ದು, ನೆಟ್ ವಿಳಾಸ ಹುಡುಕುವ ಡಿಎನ್‌ಎಸ್ ತಪ್ಪು ಹಾಕಿದ್ದು. ಏನು ಕೆಟ್ಟಿದೆ ಅಂತ ನನಗೆ ಗೊತ್ತಿರುತ್ತದೆ, ಅವನಿಗೆ ಇರುವುದಿಲ್ಲ.

ಪೊನ್ನಂಪೇಟೆ_ಇಂಜಿನಿಯರಿಂಗ್
ಬ್ಯಾಕಪ್ಪಿನಿಂದ ಡೇಟಾ ವಾಪಸ್ ತರುವುದನ್ನೂ ಸೇರಿಸಿ ಅಣ್ಣ. ಎಲ್ಲರೂ ಬ್ಯಾಕಪ್ ತೆಗೆಯುತ್ತಾರೆ. ವಾಪಸ್ ಬರುತ್ತದಾ ಅಂತ ಯಾರೂ ನೋಡುವುದಿಲ್ಲ. ಬ್ಯಾಂಕ್ ಮೋಸಕ್ಕೆ ಸಿಕ್ಕಿದವರು ಫೋನ್ ಅಂಗಡಿಗೆ ತಂದಾಗ ಮೊದಲು ಏನು ಮಾಡಬೇಕು ಅನ್ನುವುದೂ ಇರಲಿ. ಫೋನ್ ರಿಪೇರಿ ಆಮೇಲೆ. ಮೊದಲು ನೆಟ್ ತೆಗೆದು, ಬೇರೆ ಫೋನಿನಿಂದ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಬ್ಯಾಂಕಿಗೆ ತಿಳಿಸಬೇಕು. ತಡವಾದಷ್ಟೂ ಹಣ ಮುಂದಿನ ಖಾತೆಗೆ ಜಾರುತ್ತದೆ.

ಹೋಂಸ್ಟೇ_ಗಾಳಿಬೀಡು
ನಾನು ನೀವೆಲ್ಲ ಹೇಳುವ 'ತಾನೇ ಮಾಡಿಕೊಳ್ಳುವ' ಗಿರಾಕಿ. ವೈಫೈ, ಸಿಸಿಟಿವಿ, ಬುಕಿಂಗ್ ಎಲ್ಲ ನಾನೇ ಹಾಕಿದ್ದೇನೆ, ಚೆನ್ನಾಗಿಯೇ ನಡೆಯುತ್ತಿದೆ. ನನ್ನಂಥವರು ನಿಮ್ಮ ಹತ್ತಿರ ಯಾಕೆ ಬರಬೇಕು? ಮನಸ್ಸಿನಿಂದ ಕೇಳುತ್ತಿದ್ದೇನೆ.

ಪಾಲಿಬೆಟ್ಟ_ವರ್ಕ್‌ಫ್ರಂಹೋಮ್
ಕ್ಯಾಮೆರಾದ ಪಾಸ್‌ವರ್ಡ್ ಡಬ್ಬಿಯ ಮೇಲಿದ್ದದ್ದೇ ಇದೆಯಾ? ಅತಿಥಿಗಳು ಬಳಸುವ ವೈಫೈಯಲ್ಲೇ ಕ್ಯಾಮೆರಾ, ನಿಮ್ಮ ಲ್ಯಾಪ್‌ಟಾಪ್ ಎಲ್ಲ ಇವೆಯಾ?

ಹೋಂಸ್ಟೇ_ಗಾಳಿಬೀಡು
ಪಾಸ್‌ವರ್ಡ್ ಬದಲಾಯಿಸಿದ್ದೇನೆ. ವೈಫೈ ಮಾತ್ರ ಎಲ್ಲಕ್ಕೂ ಒಂದೇ.

ಪಾಲಿಬೆಟ್ಟ_ವರ್ಕ್‌ಫ್ರಂಹೋಮ್
ರೂಟರ್ ಸೆಟ್ಟಿಂಗಿನಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇರುತ್ತದೆ. ಇವತ್ತೇ ಹಾಕಿ. ನೀವೇ ಹಾಕಬಲ್ಲಿರಿ. ಆದರೆ ಅದನ್ನು ಹಾಕಬೇಕು ಅಂತ ಹೇಳಲು ಒಬ್ಬರು ಬೇಕಾಯಿತು ನೋಡಿ. ವರ್ಷಕ್ಕೊಮ್ಮೆ ಬಂದು ಹೀಗೆ ಪ್ರಶ್ನೆ ಕೇಳಿ ಹೋಗುವುದಕ್ಕೇ ದುಡ್ಡು ಕೊಡಬೇಕು.

ಮಡಿಕೇರಿ_ಮಳೆ
ನನ್ನ ಹಳೆ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ 10 ಇದೆ. ಬಿಸಾಡಬೇಕಾ?

ಗೋಣಿಕೊಪ್ಪ_ಸರ್ವಿಸ್
ಬೇಡ. ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅದು ನಿಜ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಕೆಲವು ಬೋರ್ಡುಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ಸಿಸ್ಟಮ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗಿನಲ್ಲಿ) ಆಫ್ ಆಗಿರುತ್ತದೆ ಅಷ್ಟೇ. ಮೊದಲು ಅದನ್ನು ನೋಡಿ. ಯೂಟ್ಯೂಬಿನಲ್ಲಿ ರಿಜಿಸ್ಟ್ರಿ ತಿದ್ದಿ 11 ಹಾಕುವ ವಿಡಿಯೋ ಇವೆ. ಬ್ಯಾಂಕ್ ಕೆಲಸ ಮಾಡುವ ಸಿಸ್ಟಮ್ಮಿಗೆ ಅದು ಬೇಡ.

ನಾಪೋಕ್ಲು_ಗುಮಾಸ್ತೆ
ತಡವಾಗಿ ಓದಿದೆ. ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಟ್ಯಾಲಿ ನಾವೇ ನೋಡಿಕೊಳ್ಳುತ್ತೇವೆ. ಪ್ರಿಂಟರ್ ನಾವೇ ಸರಿ ಮಾಡುತ್ತೇವೆ. ಹಾಗಾಗಿ ಆಡಳಿತ ಮಂಡಳಿಯವರು "ಕಂಪ್ಯೂಟರಿನವನಿಗೆ ಯಾಕೆ ದುಡ್ಡು?" ಅನ್ನುತ್ತಿದ್ದರು. ಆಮೇಲೆ ಒಂದು ಸಿಡಿಲಿಗೆ ಯುಪಿಎಸ್ ಜೊತೆ ಡಿಸ್ಕೂ ಹೋಯಿತು. ಬ್ಯಾಕಪ್ ಇದ್ದ ಪೆನ್‌ಡ್ರೈವ್ ಅದೇ ಸಿಸ್ಟಮ್ಮಿಗೆ ಚುಚ್ಚಿಯೇ ಇತ್ತು. ಅದೂ ಹೋಯಿತು. ರಸೀದಿ ಪುಸ್ತಕ ನೋಡಿ ಇಡೀ ವರ್ಷದ ಲೆಕ್ಕ ಮತ್ತೆ ತುಂಬಿದೆವು.

ಈಗ ವರ್ಷದ ಒಪ್ಪಂದ ಮಾಡಿಕೊಂಡಿದ್ದೇವೆ. ಅವರು ಬಂದು ರಿಪೇರಿ ಮಾಡುವುದು ಕಡಿಮೆ. ಬ್ಯಾಕಪ್ ಎರಡು ಜಾಗದಲ್ಲಿದೆಯಾ, ತೆರೆದರೆ ಬರುತ್ತದಾ, ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ತೆಗೆದಿದ್ದೀರಾ ಅಂತ ನೋಡುತ್ತಾರೆ. ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡುತ್ತಾರೆ. ಆ ಹಾಳೆ ಇದ್ದರೆ ಮಂಡಳಿ ಸಭೆಯಲ್ಲಿ ಬಿಲ್ ಪಾಸಾಗುತ್ತದೆ. ಬರೀ ಬಾಯಲ್ಲಿ "ಎಲ್ಲ ಸರಿ ಇದೆ" ಅಂದರೆ ಯಾರೂ ದುಡ್ಡು ಕೊಡುವುದಿಲ್ಲ. ಸರ್ವೇ ಅಣ್ಣನೂ, ಡಿಟಿಪಿಯವರೂ ಇದನ್ನು ಯೋಚಿಸಿ.

ವಿರಾಜಪೇಟೆ_ನೇರಮಾತು
ಇದಕ್ಕೆ ನಾನೂ ದುಡ್ಡು ಕೊಡುತ್ತೇನೆ. ಏನು ನೋಡಿದರು, ಏನು ಸಿಕ್ಕಿತು ಅಂತ ಬರೆದು ಕೊಟ್ಟರೆ.

ಸೋಮವಾರಪೇಟೆ_ಸರ್ವೇ
ಸಂಘಕ್ಕೆ ಸರಿ. ಎರಡು ಎಕರೆ ಇರುವವನು ಹಾಳೆಗೆ ದುಡ್ಡು ಕೊಡುವುದಿಲ್ಲ. ಅವನಿಗೆ ಬೇಕಿರುವುದು ಗೆರೆ ಮಾತ್ರ.

ನಾಪೋಕ್ಲು_ಗುಮಾಸ್ತೆ
ಒಬ್ಬೊಬ್ಬರನ್ನೇ ಕೇಳಿದರೆ ಕೊಡುವುದಿಲ್ಲ. ಸಂಘದ ಮೂಲಕ ಸದಸ್ಯರೆಲ್ಲರನ್ನೂ ಒಟ್ಟಿಗೆ ಕೂರಿಸಿ ಅರ್ಧ ದಿನ ವಿವರಿಸಿ. ಜಾಗ ನಾವು ಕೊಡುತ್ತೇವೆ, ಫೀಸನ್ನು ಮಂಡಳಿಯಲ್ಲಿ ಕೇಳಿ ನೋಡುತ್ತೇನೆ.

ಸೋಮವಾರಪೇಟೆ_ಸರ್ವೇ
ಕಾಫಿ ಕುಯ್ಲು ಶುರುವಾಗುವ ಮೊದಲು ಇಟ್ಟುಕೊಳ್ಳಿ. ಆಮೇಲೆ ಯಾರೂ ಬರುವುದಿಲ್ಲ.

ಎಸ್ಟೇಟ್_ರೈಟರ್
ಅಕ್ಟೋಬರ್ ಒಳ್ಳೆಯದು, ಕಾವೇರಿ ಸಂಕ್ರಮಣ ಕಳೆದ ಮೇಲೆ. ನಮ್ಮ ಹುಡುಗನನ್ನೂ ಕರೆತರುತ್ತೇನೆ, ಮೇಸ್ತ್ರಿಯನ್ನೂ.